ಅಡ್ಡಾದ ಆಚೆ ಬದಿ

ಬೆಳಗಿನಿಂದಲೇ ಕೆಳಗಿನ ಮಳಿಗೆಯಲ್ಲಿ ಕಂಪ್ಯೂಟರ್ ಕಸೂತಿಯ ಯಂತ್ರ ಟಕಟಕಟಕ ಎನ್ನುತ್ತಿರುತ್ತದೆ. ದಾರ ತುಂಡಾದಾಗ ಮಾತ್ರ ನಿಲ್ಲುತ್ತದೆ. ಕಿವಿಗೊಟ್ಟರೆ ಆಗ ಮಹಡಿಯಲ್ಲಿ ಗುಲಾಮ್ ರಸೂಲರ ಸೂಜಿ ಬಟ್ಟೆ ಚುಚ್ಚುವ ಸದ್ದು ಕೇಳುತ್ತದೆ.

ಆರ್.ಟಿ. ನಗರದ ಈ ಗಲ್ಲಿಯಲ್ಲಿ ಕೈಯಿಂದ ಜರ್ದೋಸಿ ಎಂಬ ಜರಿ ಕಸೂತಿ ಮಾಡುವವರು ಈಗ ಅವರೊಬ್ಬರೇ. ಅವರು ಕೆಲಸ ಮಾಡುವ ಅಡ್ಡಾ ಮಂಚದಷ್ಟು ಅಗಲದ, ಮೊಣಕಾಲೆತ್ತರದ ಮರದ ಚೌಕಟ್ಟು. ಲೆಹೆಂಗಾವನ್ನೋ ದುಪಟ್ಟಾವನ್ನೋ ಅದಕ್ಕೆ ಬಿಗಿದು ಕಟ್ಟಿ, ನೆಲದ ಮೇಲೆ ಕೂತು, ಬಾಗಿ ಜರಿ ಹೊಲಿಯಬೇಕು. ಈಚೆ ಬದಿಯಲ್ಲಿ ಅವರು, ಆಚೆ ಬದಿಯಲ್ಲಿ ಹೆಂಡತಿ ದಿಲ್ಶಾದ್. ಮದುವೆಯಾದ ವರ್ಷದಿಂದ ಹಾಗೆಯೇ ಕೂತವರು. ಅರ್ಧ ಬಟ್ಟೆ ಇವರದು, ಅರ್ಧ ಆಕೆಯದು. ನಟ್ಟನಡುವೆ ಬರುವ ಹೂವು ಯಾರದೆಂದು ಮಾತ್ರ ಜಗಳ. ಕಳೆದ ರಂಜಾನ್ ಮುಗಿದ ವಾರ ದಿಲ್ಶಾದ್ ತೀರಿಕೊಂಡರು.

ಚಳಿಗಾಲದ ಹೊತ್ತಿಗೆ ಗುಲಾಮ್ ರಸೂಲರ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಸೂಜಿ ಕೈಯಲ್ಲಿದೆಯೋ ಬಿದ್ದಿದೆಯೋ ನೋಡಿಯೇ ತಿಳಿಯಬೇಕು. ಬಾಗಿ ಬಾಗಿ ಕುತ್ತಿಗೆಯಲ್ಲಿ ನರ ಒತ್ತಿದೆ, ಅದು ಸರಿಯಾಗದಿದ್ದರೆ ಈ ಕೈ ಮುಂದೆ ಸೂಜಿ ಹಿಡಿಯುವುದಿಲ್ಲ, ವ್ಯಾಯಾಮ ಕಲಿಯಿರಿ ಎಂದರು ಡಾಕ್ಟರು. ಮಗಳು ಸಬಾ ಅವರನ್ನು ಸಂಹಿತಾಳ ಬಳಿಗೆ ಕರೆದೊಯ್ದಳು. ಸಂಹಿತಾ ಮುಖ್ಯರಸ್ತೆಯಲ್ಲಿ ಒಂದು ಹಾಲ್ ಹಿಡಿದು, ಆಫೀಸುಗಳಲ್ಲಿ ಕೂತು ಕೂತು ಸೊಟ್ಟಗಾದ ಮೈಗಳನ್ನು ತಿದ್ದುವ ವ್ಯಾಯಾಮ ಹೇಳಿಕೊಡುತ್ತಾಳೆ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಅವರ ತಲೆ ಗೋಡೆಗೆ ತಾಗಲಿಲ್ಲ. ಬಲಭುಜ ಕಿವಿಯ ಹತ್ತಿರಕ್ಕೆ ಏರಿತ್ತು.

“ಚಾಚಾ, ನಿಮ್ಮ ಎದೆ, ಕುತ್ತಿಗೆ ಸ್ನಾಯುಗಳಿಗೆ ರಜಾನೇ ಇಲ್ಲ. ನೀವು ಮಲಗಿದ್ರೂ ಅವು ದುಡೀತಾನೇ ಇರ್ತವೆ. ಮೊದ್ಲು ಅವನ್ನ ಉದ್ದ ಮಾಡ್ಬೇಕು. ಆಮೇಲೆ ಬೆನ್ನಲ್ಲಿ ಸುಮ್ನೆ ಬಿದ್ಕೊಂಡಿರೋವಕ್ಕೆ ಕೆಲಸ ಕೊಡೋಣ.”

“ನಮ್ಮನೇಲೂ ಹಂಗೇ ಅಮ್ಮಾ,” ಎಂದು ಅವರು ಸಬಾಳ ಕಡೆ ನೋಡಿದರು. “ಒಬ್ರು ದುಡಿಯೋದು, ಒಬ್ರು ಮೊಬೈಲ್ ನೋಡೋದು.”

ಮರುದಿನ ಕುತ್ತಿಗೆ ಅಲುಗಾಡದಂತೆ ಹಿಡಿದುಕೊಂಡಿತು. ಅಡ್ಡಾಕ್ಕೆ ಬಟ್ಟೆ ಬಿಗಿಯುವಾಗ ಅವರು ಬೆರಳಿನಿಂದ ಚಿಮ್ಮಿದರೆ ತಮಟೆಯಂತೆ ಸದ್ದಾಗುವವರೆಗೆ ಎಳೆಯುತ್ತಾರೆ. ವ್ಯಾಯಾಮ ಮಾಡುವಾಗ ತಲೆಯನ್ನೂ ಹಾಗೆಯೇ ಎಳೆದಿದ್ದರು.

“ಸಡಿಲ ಬಿಟ್ರೆ ಕೆಲಸ ಕೆಡುತ್ತಲ್ಲಮ್ಮಾ.”

“ಇದು ಲೆಹೆಂಗಾ ಅಲ್ಲ ಚಾಚಾ, ಕುತ್ತಿಗೆ. ಎಳೆದಷ್ಟೂ ಹೆದರ್ಕೊಂಡು ಗಟ್ಟಿ ಆಗುತ್ತೆ. ಮೊದಲು ಎಲ್ಲಿ ಬಿಗಿ ಅನ್ಸುತ್ತೋ ಅಲ್ಲೇ ನಿಲ್ಸಿ. ಕಾಯ್ರಿ. ಅದೇ ಬಿಡುತ್ತೆ.”

ಹೊರಗಿನ ಹೆಣ್ಣುಮಗಳ ಕೈ ತಾಗಿದರೆ ಅವರಿಗೆ ಮುಜುಗರ. ಅವರು ಹೇಳದೆಯೇ ಅದನ್ನು ತಿಳಿದ ಸಂಹಿತಾ, ಹಿಡಿಯುವ ಬಗೆಯನ್ನು ಸಬಾಳಿಗೆ ಕಲಿಸಿದಳು. ಭುಜದ ಮೇಲೊಂದು ಕೈ, ತಲೆಯ ಪಕ್ಕಕ್ಕೆ ಇನ್ನೊಂದು ಅಂಗೈ. ಅವರು ಆ ಅಂಗೈಯನ್ನು ತಲೆಯಿಂದ ಮೆಲ್ಲಗೆ ಒತ್ತಬೇಕು, ಮತ್ತೆ ಉಸಿರು ಬಿಟ್ಟು ಸಡಿಲಾಗಬೇಕು. ಸಡಿಲಾದ ಕ್ಷಣ ಕುತ್ತಿಗೆ ತಾನಾಗಿಯೇ ಇನ್ನೂ ತುಸು ಪಕ್ಕಕ್ಕೆ ವಾಲುತ್ತದೆ.

“ಅಬ್ಬಾ, ಜೋರ್ ನಕ್ಕೊ,” ಎಂದು ಸಬಾ ಗದರುವಳು. “ಮೇಡಂ ಮೆಲ್ಲಗೆ ಅಂದಿದ್ದು. ಗೂಳಿ ಥರ ಗುದ್ದುತೀರಲ್ಲ.”

ಒಮ್ಮೆ ಹೀಗೆ ಉಸಿರು ಬಿಟ್ಟಾಗ ಅವರ ಕಣ್ಣು ತುಂಬಿತು. ನೋವಾ ಎಂದು ಸಬಾ ಕೇಳಿದಳು. ಇಲ್ಲ ಎಂದರು. ದಿಲ್ಶಾದ್ ಹೋದ ಮೇಲೆ ಅಷ್ಟು ಹೊತ್ತು ಯಾರೂ ಅವರ ತಲೆಯ ಮೇಲೆ ಕೈಯಿಟ್ಟಿರಲಿಲ್ಲ.

ಬೆರಳುಗಳಿಗೆ ಸ್ಪರ್ಶ ಮರಳಿತು. ಕೆಲವೇ ದಿನಗಳಲ್ಲಿ ಮತ್ತೆ ಹೋಯಿತು. ಮರಳುವುದು, ಹೋಗುವುದು ಹೀಗೇ ನಡೆದಾಗ ಸಂಹಿತಾಳಿಗೆ ಅರ್ಥವಾಗಲಿಲ್ಲ. ಅವರು ಕೆಲಸ ಮಾಡುವುದನ್ನೇ ನೋಡಬೇಕೆಂದು ಒಂದು ಇಳಿಹೊತ್ತು ಮನೆಗೆ ಬಂದಳು.

ಅಡ್ಡಾದ ಆಚೆ ಬದಿಯಲ್ಲಿ ದಿಲ್ಶಾದ್ ಕೂರುತ್ತಿದ್ದ ದಿಂಬು ಹಾಗೆಯೇ ಇತ್ತು. ಗುಲಾಮ್ ರಸೂಲ್ ಈಚೆ ಕೂತಿದ್ದರು. ತಮ್ಮ ಅರ್ಧ ಮುಗಿದ ಮೇಲೆ ಅವರು ಏಳಲಿಲ್ಲ. ಕೂತಲ್ಲಿಂದಲೇ ಎದೆಯನ್ನು ಚೌಕಟ್ಟಿಗೆ ಒತ್ತಿ, ಗದ್ದ ಮುಂದೆ ಮಾಡಿ, ಬಲಗೈಯನ್ನು ಎಟುಕುವಷ್ಟೂ ಚಾಚಿ, ಆಕೆಯ ಅರ್ಧವನ್ನೂ ಹೊಲಿಯತೊಡಗಿದರು.

“ಚಾಚಾ, ಆ ಕಡೆ ಹೋಗಿ ಕೂತ್ರೆ ಆಗಲ್ವಾ?”

ಅವರು ಸೂಜಿ ಚುಚ್ಚುತ್ತಲೇ ಇದ್ದರು.

“ನಾನ್ ಕೂರ್ತೀನಿ ಅಂದೆ,” ಸಬಾ ಹೇಳಿದಳು. “ಅಮ್ಮಿ ಜಾಗ ಅಂತ ಬಿಡಲ್ಲ. ತಾವೂ ಕೂರಲ್ಲ.”

ಸಂಹಿತಾ ನೆಲದ ಮೇಲೆ ಕೂತಳು. “ಬೆಳಿಗ್ಗೆ ಇವಳು ಉದ್ದ ಮಾಡಿದ್ದನ್ನ ಸಾಯಂಕಾಲದೊಳಗೆ ನೀವೇ ಗಿಡ್ಡ ಮಾಡ್ತಿದ್ದೀರ. ಹಿಂಗೇ ಆದ್ರೆ ಈ ಬೆರಳು ಒಂದಿನ ವಾಪಸ್ ಬರೋದೇ ಇಲ್ಲ. ನನ್ಹತ್ರ ಬೇರೆ ವ್ಯಾಯಾಮ ಇಲ್ಲ ಚಾಚಾ.”

ಅವರು ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು, ಬೇರೆ ಯಾರದೋ ಕೈಯೆಂಬಂತೆ. ಆಮೇಲೆ ಎದ್ದು ಹೋಗಿ ದಿಂಬನ್ನು ಎತ್ತಿ ಸಬಾಳ ಕೈಗೆ ಕೊಟ್ಟು, ಬರಿ ನೆಲದ ಮೇಲೆ ಕೂತರು. ಸೂಜಿ ಹಿಡಿದು ಬಟ್ಟೆಗೆ ಬಾಗಿದವರು ತಟ್ಟನೆ ಕಣ್ಣು ಮುಚ್ಚಿದರು.

ಎದುರಿನ ಕಿಟಕಿಯ ಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು. ಜರಿ ಝಗ್ಗನೆ ಹೊಳೆದು ಹೊಲಿಗೆಯ ಗೆರೆಯೇ ಕಾಣಲಿಲ್ಲ. ಈಚೆ ಕೂತವರಿಗೆ ಆ ಕಿಟಕಿ ಬೆನ್ನ ಹಿಂದೆ, ಬೆಳಕು ಹೆಗಲ ಮೇಲಿಂದ ಇಳಿದು ಹದವಾಗಿ ಕೆಲಸದ ಮೇಲೆ ಬೀಳುತ್ತದೆ. ಅವರು ಅಂಗೈ ಅಡ್ಡ ಹಿಡಿದರು. ತಲೆಯನ್ನು ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಎಲ್ಲಿಂದ ನೋಡಿದರೂ ಅದೇ ಬಿಸಿಲು.

“ಪರದೆ ಹಾಕ್ಲಾ ಅಬ್ಬಾ?”

“ಬೇಡ.” ಅವರು ಅಡ್ಡ ಹಿಡಿದ ಅಂಗೈ ಇಳಿಸಿದರು. “ನಾಳೆಯಿಂದ ನೀನು ನನ್ನ ಜಾಗದಲ್ಲಿ ಕೂರು. ಇಲ್ಲಿ ನಾನು ಕೂರ್ತೀನಿ.”

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. ಹೆಂಗಸರಿಬ್ಬರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದರು.

“ಇಷ್ಟು ವರ್ಷ ಈ ಬಿಸಿಲಲ್ಲೇ ಕೂತ್ಲಲ್ಲ, ಅವಳು ಒಂದು ಮಾತು ಹೇಳ್ಬಹುದಿತ್ತು. ನಾನಾದ್ರೂ ಒಂದು ಸಲ ಎದ್ದು ಈ ಕಡೆ ಬಂದು ನೋಡ್ಬಹುದಿತ್ತು,” ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು.