ಮೂಗಿನಕ್ಕ ಮೂಸದೆ ಬಿಟ್ಟ ಕ್ಯಾನು

ನಮ್ಮ ಹಾಲು ಸಂಗ್ರಹಣ ಕೇಂದ್ರದಲ್ಲಿ ಆಕೆಯನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದೆವು. ಮೂಗು ಉದ್ದವಿತ್ತೆಂದಲ್ಲ, ಅಂಗಿಯ ಗುಂಡಿಯಷ್ಟು ಪುಟ್ಟದು. ಆದರೆ ಇಪ್ಪತ್ತೆರಡು ವರ್ಷ ಇನ್ನೂರು ಮನೆಗಳ ಹಾಲು ಆ ಮೂಗನ್ನು ದಾಟಿಯೇ ಪೇಟೆಗೆ ಹೋಗಬೇಕಿತ್ತು. ಕ್ಯಾನನ್ನು ಒಮ್ಮೆ ಕುಲುಕಿ, ಮುಚ್ಚಳವನ್ನು ಬೆರಳಗಲ ಎತ್ತಿ, ಕಣ್ಣು ಮುಚ್ಚಿ ಮೂಸುವಳು. ಸರಿಯಿದ್ದರೆ "ಸುರಿ", ಕೆಟ್ಟಿದ್ದರೆ "ಮನೆಗೆ". ಒಮ್ಮೆ ಸ್ವಂತ ಗಂಡನ ಕ್ಯಾನನ್ನೇ ತಿರುಗಿ ಕಳಿಸಿದಳು.

"ಮನೆಗೆ ಬಾ, ನೋಡ್ಕೋತೀನಿ" ಎಂದು ಆತ ಗೊಣಗಿದ.

"ಬರ್ತೀನಿ, ಅಷ್ಟ್ರಲ್ಲಿ ಕ್ಯಾನನ್ನ ಬಿಸಿನೀರಲ್ಲಿ ತೊಳೆದಿಡು."

ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೂರನೆಯ ತರಗತಿಯಲ್ಲಿ ಆಕೆ ನನ್ನ ಶಿಷ್ಯೆ. ನಿವೃತ್ತನಾದ ಮೇಲೆ ನಾನೂ ಎರಡು ಹಸು ಕಟ್ಟಿ ಅದೇ ಸಾಲಿನಲ್ಲಿ ನಿಂತೆ.

ಬೇಸಿಗೆಯ ಒಂದು ಸಂಜೆ ಉದಾಸೀನದಿಂದ ಕೇಂದ್ರಕ್ಕೆ ಹೋಗಲಿಲ್ಲ. ಉಳಿದ ಹಾಲನ್ನು ಚೆಲ್ಲಲು ಮನಸ್ಸು ಬಾರದೆ ಮಾರನೆಯ ಬೆಳಗಿನ ಹಾಲಿಗೆ ಬೆರೆಸಿದೆ. ಹಾಗೆ ಬೆರೆಸಬಾರದೆಂಬ ನಿಯಮ ಕೇಂದ್ರದ ಗೋಡೆಯ ಮೇಲೆಯೇ ಇದೆ. ಅದನ್ನು ಬರೆದುಕೊಟ್ಟವನೂ ನಾನೇ.

"ಮೂಗಿನಕ್ಕ ಹಿಡೀತಾಳೆ ನೋಡಿ" ಎಂದಳು ನನ್ನ ಹೆಂಡತಿ.

"ಹಿಡಿದ್ರೆ ವಾಪಸ್ ತಂದ್ರಾಯ್ತು ಬಿಡೆ" ಎಂದೆ. ನನ್ನ ತಪ್ಪಿನ ಕಾವಲನ್ನು ಆಕೆಯ ಮೂಗಿಗೆ ವಹಿಸಿ ನಿಶ್ಚಿಂತನಾದೆ.

ಅಂದು ಆಕೆಗೆ ನೆಗಡಿ. ಕಣ್ಣು ಕೆಂಪಾಗಿದ್ದವು.

"ಮೇಷ್ಟ್ರೇ, ಇವತ್ತು ಮೂಗು ರಜಾ ಹಾಕಿದೆ" ಎಂದು ಪಿಸುಗುಟ್ಟಿದಳು. "ಸೆಕ್ರೆಟರಿಗೆ ಹೇಳ್ಬೇಡಿ, ಬೇರೆಯವ್ರನ್ನ ಕೂರಿಸ್ತಾನೆ. ಎಲ್ಲರ ಹಾಲೂ ನಾಲಿಗೆ ಮೇಲೆ ಹನಿ ಹಾಕ್ಕೊಂಡು ನೋಡ್ತಿದೀನಿ. ನಿಮ್ದನ್ನೇನು ನೋಡೋದು, ಸುರೀರಿ."

ನನ್ನ ಕೈ ಒಂದು ಕ್ಷಣ ನಿಂತಿತು. ಹಿಂದಿನವನು "ಬೇಗ ಆಗ್ಲಿ ಯಜಮಾನ್ರೇ" ಎಂದ. ಸುರಿದೆ.

ಮಧ್ಯಾಹ್ನದ ಹೊತ್ತಿಗೆ ಪೇಟೆಯಿಂದ ಸುದ್ದಿ ಬಂತು: ನಮ್ಮೂರಿನ ಟ್ಯಾಂಕಿನ ಹಾಲೆಲ್ಲ ಕಾಯಿಸುತ್ತಲೇ ಒಡೆದಿತ್ತು. ಇನ್ನೂರು ಮನೆಗಳ ಬೆವರು ಗುಂಡಿಗೆ ಹರಿಯಿತು.

ಸಂಜೆ ಸಭೆ ಸೇರಿತು. ಗೌರವಕ್ಕೆಂದು ನನಗೆ ಮುಂದಿನ ಕುರ್ಚಿ ಹಾಕಿದ್ದರು. ಮೂಗಿನಕ್ಕ ಎದ್ದು ನಿಂತು, "ನೆಗಡಿ ಇತ್ತು, ಹೇಳದೆ ಕೆಲಸ ಮಾಡ್ದೆ. ನನ್ನ ನಾಲಿಗೆ ಎಲ್ಲೋ ತಪ್ಪಿದೆ" ಎಂದಳು. ನನ್ನ ಕ್ಯಾನು ಆಕೆಯ ಎಣಿಕೆಯಲ್ಲೇ ಇರಲಿಲ್ಲ. ನಾನು ಆ ಮುಂದಿನ ಕುರ್ಚಿಯಲ್ಲೇ ಕೂತಿದ್ದೆ. ಸೆಕ್ರೆಟರಿ ಆಕೆಯನ್ನು ಕ್ಯಾನು ತೊಳೆಯುವ ಕೆಲಸಕ್ಕೆ ಹಾಕಿದ. ಮೂಸುವ ಜಾಗಕ್ಕೆ ಅವನ ಭಾವಮೈದ ಬಂದ.

ಎಂಟು ದಿನ ತಲೆ ತಗ್ಗಿಸಿಕೊಂಡೇ ಹಾಲು ಸುರಿದು ಬಂದೆ. ಒಂಬತ್ತನೆಯ ದಿನ ಕ್ಯಾನು ತೊಳೆಯುವ ತೊಟ್ಟಿಯ ಬಳಿಯಿಂದ ಆಕೆ ಕರೆದಳು. ಅಂಗೈಯಲ್ಲಿ ಎರಡು ಹನಿ ಹಾಲಿತ್ತು.

"ಮೇಷ್ಟ್ರೇ, ಇದು ಹುಳಿನಾ, ಸಿಹಿನಾ? ನನಗೆ ಸಿಹಿ ಅನ್ಸತ್ತೆ. ಆದ್ರೆ ಈಗ ನನ್ನ ನಾಲಿಗೇನ ನಾನೇ ನಂಬೋಕಾಗ್ತಿಲ್ಲ."

ಇಡೀ ಸಾಲಿಗೆ ಕೇಳುವಂತೆ ಹೇಳಿಬಿಟ್ಟೆ. "ನಿನ್ನ ನಾಲಿಗೆ ತಪ್ಪಿಲ್ಲ ಕಣಮ್ಮ. ಹಳೇ ಹಾಲು ಬೆರೆಸಿದೋನು ನಾನು. ನೀನು ನೋಡದೆ ಬಿಟ್ಟಿದ್ದು ನನ್ನ ಕ್ಯಾನೊಂದೇ."

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆಯ ಗಂಡ ಮಾತ್ರ, "ಮೇಷ್ಟ್ರಾಗಿ ನೀವೇ ಹಿಂಗಾ?" ಎಂದ. ಸೆಕ್ರೆಟರಿಯ ಭಾವಮೈದ ಸದ್ದಿಲ್ಲದೆ ಜಾಗ ಬಿಟ್ಟು ಎದ್ದ.

ಆಕೆ ಕೈ ಒರೆಸಿಕೊಂಡು ಬಂದು ತನ್ನ ಮಣೆಯ ಮೇಲೆ ಕುಳಿತಳು. "ಒಂಬತ್ತು ದಿನ ಬೇಕಾಯ್ತಾ ಮೇಷ್ಟ್ರೇ?" ಎಂದಷ್ಟೇ ಕೇಳಿದಳು. ನನ್ನ ಕ್ಯಾನನ್ನು ಎಳೆದುಕೊಂಡು, ಕುಲುಕಿ, ಮುಚ್ಚಳ ಎತ್ತಿ ಮೂಸಿದಳು. ಮುಚ್ಚಿ, ಮತ್ತೊಮ್ಮೆ ಎತ್ತಿ ಮೂಸಿದಳು.

ಇಂದಿಗೂ ಹಾಗೆಯೇ. ಎಲ್ಲರ ಹಾಲನ್ನೂ ಒಮ್ಮೆ, ನನ್ನದನ್ನು ಎರಡು ಸಲ. ಆ ಎರಡನೆಯ ಸಲ ಮುಚ್ಚಳ ಏಳುವಾಗ ನಾನು ನೆಲ ನೋಡುತ್ತಾ ನಿಲ್ಲುತ್ತೇನೆ.