ಕೌದಿ ಹೊಡೆದ ಖೋಲಿ

ಆಗ ನನಗ ಅರವತ್ತೆಂಟು. ಇದಾಗಿ ಆರು ವರ್ಷ ಆತು. ನನ್ನ ಮಗಗ ನಲವತ್ತರ ಹತ್ತರ ಬಂದಿತ್ತು, ತಲಿಮ್ಯಾಗಿನ ಕೂದಲ ಅರ್ಧ ಹೋಗಿದ್ದವು. ಆ ವಯಸ್ಸಿನ್ಯಾಗ ಅಂವ ಮೂರು ಮಂದಿ ಹುಡುಗರ ಕೂಡ ಸೇರಿ ಬ್ಯಾಂಡ್ ಕಟ್ಟಿದ. ಲಗ್ನದಾಗ ಬಾರಿಸೋ ಬ್ಯಾಂಡ್ ಅಲ್ಲ. ಗಿಟಾರ್ ಹಿಡಕೊಂಡು ಕೂಗತಾರಲ್ಲ, ರಾಕ್ ಅಂತಾರಲ್ಲ, ಅದು. ಹೆಸರು ಇಂಗ್ಲಿಷಿನ್ಯಾಗ ಇಟ್ಟಿದ್ದರು, ನನ್ನ ಬಾಯಾಗ ಒಂದಿನಾನೂ ಹೊರಳಲಿಲ್ಲ. ಆ ಬ್ಯಾಸಗ್ಯಾಗ ಹಾಕಿದ ಮಾವಿನ ಉಪ್ಪಿನಕಾಯಿ ಭರಣಿ ತಳಾ ಕಾಣೂದರಾಗ ಎಲ್ಲಾ ಮುಗದಿತ್ತು.

ನಾವು ವಿಜಾಪುರ ಕಡೆಯವರು. ಯಜಮಾನರು ಸರ್ಕಾರಿ ಆಫೀಸಿನ್ಯಾಗ ಚಪರಾಸಿ ಆಗಿ ನಾಗಪುರಕ್ಕ ಬಂದರು. ಪ್ರತಾಪ ನಗರದಾಗ ಸಣ್ಣ ಮನಿ ಕಟ್ಟಿಸಿದರು, ಹಿಂದ ಒಂದು ತಗಡಿನ ಖೋಲಿ ಹಾಕಿಸಿದರು, ಸತ್ತರು. ಆ ಖೋಲ್ಯಾಗ ಮಗ ಸೊಸಿ ಇರತಿದ್ದರು. ಮಗಂದು ಹಿಂಗಣಾದಾಗ ಫ್ಯಾಕ್ಟರಿ ಕೆಲಸ. ಸೊಸಿ ನಾಕು ವರ್ಷ ಬಾಳೆ ಮಾಡಿ ಬಿಟ್ಟು ಹೋದಳು. ಜಗಳಿಲ್ಲ, ಹೊಡದಾಟಿಲ್ಲ. ಗ್ವಾಡಿ ಕೂಡ ಎಷ್ಟು ದಿನಾ ಸಂಸಾರ ಮಾಡ್ಲಿ ಅಂತ ನನ್ನ ಮುಂದ ಅಂದಳು. ಅಕೀದು ತಪ್ಪಂತ ನಾ ಹೇಳಂಗಿಲ್ಲ. ಸೀರಿ ತುಂಬಿದ ಟ್ರಂಕು ಇಲ್ಲೇ ಉಳೀತು. ಮಗ ಅದನ್ನ ನನಗ ಮುಟ್ಟಗೊಡಲಿಲ್ಲ. ಮೊದಲ ಕಡಿಮಿ ಮಾತಿನಾಂವ, ಅಕೀ ಹೋದ ಮ್ಯಾಲೆ ಪೂರಾ ನಿಲ್ಲಿಸಿಬಿಟ್ಟ. ಉಣ್ಣತೀಯೇನೋ ಅಂದರ ತಲಿ ಅಲ್ಲಾಡಸ್ತಿದ್ದ. ಮನ್ಯಾಗ ಬರೇ ನನ್ನ ದನಿ ನಾನ ಕೇಳಿ ಕೇಳಿ ಸಾಕಾಗಿತ್ತು.

ಅಂಥಾದರಾಗ ಒಂದಿನ ಟೆಂಪೋದಾಗ ಡ್ರಮ್ಮು ಹೇರಿಕೊಂಡು ಬಂದ. ಯಾರೋ ಬಾರಿಸಿ ಬಿಟ್ಟದ್ದು. ಸಣ್ಣಾಂವಿದ್ದಾಗ ಅಡಗಿ ಮನ್ಯಾಗಿನ ಭಾಂಡೆ ಬಡದು ಬಡದು ನನ್ನ ಕೈಲೆ ಹೊಡತ ತಿಂದಾಂವ. ಡ್ರಮ್ಮಿನ ಹಿಂದ ಆ ಮೂರು ಮಂದಿ ಬಂದರು. ಗಿಟಾರಿನಾಂವ ಬ್ಯಾಂಕ್ ಸಾಹೇಬರ ಮಗ, ಕನ್ನಡದಾಗ ಮಾತು ಸುರು ಮಾಡಿ ಮರಾಠ್ಯಾಗ ಮುಗಸ್ತಿದ್ದ. ಹಾಡೋ ಹುಡುಗಿ ಮರಾಠಿ. ಇನ್ನೊಬ್ಬ ಬೆಂಗಳೂರಿಂದ ಬಂದ ಡಾಕ್ಟರ್ ಹುಡುಗ, ನಾಕು ತಂತೀ ದಪ್ಪ ದನಿ ಗಿಟಾರು ಅವಂದು. ಎಲ್ಲಾರೂ ಮಗನಕಿಂತ ಭಾಳ ಸಣ್ಣವರು. ಅವಂಗ ದಾದಾ, ನನಗ ಆಜಿ.

ಮೊದಲನೇ ಐತವಾರ ಬಾರಿಸಿದಾಗ ತಗಡು ಹಾರಿ ಹೋಗತೈತಿ ಅನಿಸಿತು. ಬಾಜೂ ಮನಿ ಬಾಯಿ, ರಿಟೈರ್ ಆದ ಟೀಚರು, ಕಂಪೌಂಡಿನ ಹಂತ್ಯಾಕ ಬಂದು ನಿಂತಳು. ನಿಮ್ಮ ಮಗ ಮನ್ಯಾಗ ಗ್ಯಾರೇಜ್ ತಗದಾನೇನು ಅಂತ ಕೇಳಿದಳು. ಆಕಿ ಗಂಡಗ ಹಾರ್ಟಿನ ಜಡ್ಡು. ಹಿಂಗ ನಡದರ ಪೋಲೀಸರಿಗೆ ಹೇಳತೀನಿ ಅಂದಳು, ಸುಳ್ಳ ಹೇಳೋ ಪೈಕಿ ಅಲ್ಲ ಆಕಿ.

ಮುಂದಿನ ಸರತಿ ಗಿಟಾರಿನಾಂವ ಗಾಡಿ ಮ್ಯಾಲೆ ಮೊಟ್ಟಿ ಇಡೋ ಟ್ರೇ ಹೇರಿಕೊಂಡು ಬಂದ. ಗ್ವಾಡಿಗೆ ಹಚ್ಚಿದರ ಸಪ್ಪಳ ಹೊರಗ ಹೋಗಂಗಿಲ್ಲಂತ. ಲಿಂಗಾಯತರ ಮನ್ಯಾಗ ಮೊಟ್ಟಿ ಟ್ರೇ. ಗೇಟಿನಿಂದ ಒಳಗ ತರಗೊಡಲಿಲ್ಲ ನಾ. ಗ್ವಾಡಿಗೆ ದಪ್ಪಂದು ಬೇಕಾದರ ಕೌದಿ ಹೊಲದು ಕೊಡತೀನಿ, ಹಳೆ ಅರಿವಿ ತರ್ರಿ ಅಂದೆ. ಈಗಿನ ಹುಡುಗರ ಮನ್ಯಾಗ ಹಳೆ ಅರಿವಿ ಎಲ್ಲಿರತಾವು? ಒಬ್ಬರ ಮಾರಿ ಒಬ್ಬರು ನೋಡಿದರು.

ಆಗ ನನ್ನ ಮಗ ಬಾಯಿ ಬಿಟ್ಟ. "ಅವ್ವಾ, ಟ್ರಂಕಿನ್ಯಾಗ ಅಕೀ ಸೀರಿ ಅದಾವಲ್ಲ. ಅವನ್ನ ಹರಿ."

ಅಂವ ಒಳಗ ಹೋಗಿ ಕತ್ರಿ ತಂದು ನನ್ನ ಕೈಯಾಗ ಕೊಟ್ಟ.

ಆ ಬ್ಯಾಸಗಿ ಪೂರಾ ಹೊಲದೆ. ಸೊಸಿ ಲಗ್ನದ ಸೀರೀನೂ ಹೋತು, ಯಜಮಾನರ ಧೋತರನೂ ಹೋದವು. ನಮ್ಮ ಕಡೆ ಕೌದಿ ಕಡೀ ಮೂಲಿ ಮುಚ್ಚೋ ಮುಂದ ಒಳಗ ಒಂದು ಚೂರು ರೊಟ್ಟಿ ಇಡತೀವಿ, ಕೌದಿ ಹೊಟ್ಟಿ ಹಸದಿರಬಾರದಂತ. ಆ ಚೂರು ಮಗನ ಮುರದು ಕೊಡತಿದ್ದ. ಗ್ವಾಡಿಗೆ, ಕಿಟಕಿಗೆ, ಬಾಗಿಲಕ್ಕ, ತಗಡಿನ ಕೆಳಗ, ಹುಡುಗರು ಎರಡೆರಡು ಪದರ ಮೊಳಿ ಹೊಡದರು. ಒಳಗ ಕಾಯ್ದ ಹಂಚು, ಬೆವತು ನೀರಾಗಿ ಹೊರಗ ಬರತಿದ್ದರು. ಆದರ ಸಪ್ಪಳ ಬಂದರ ದೂರದಾಗ ಯಾರೋ ಅಕ್ಕಿ ಕುಟ್ಟಿದಷ್ಟ. ಬಾಜೂ ಮನಿ ಬಾಯಿ ಸುಮ್ಮನಾದಳು.

ಮತ್ತ ಮಗ ಮಾತಾಡಾಕತ್ತಿದ. ಡ್ಯೂಟಿಯಿಂದ ಬಂದು ಗಾಡಿ ನಿಲ್ಲಿಸಿದ ಕೂಡಲೆ ಅವ್ವಾ ಅಂತ ಕರೀತಿದ್ದ. ಉಣ್ಣೋ ಮುಂದ ತಾಟಿನ ಅಂಚಿಗೆ ಬೆರಳಿಲೆ ಬಡದು ತೋರಸ್ತಿದ್ದ, ಇದು ಹಿಂಗ ಬರತೈತಿ, ಇದು ಹಿಂಗ. ನನಗ ಏನೂ ತಿಳೀತಿರಲಿಲ್ಲ. ತಿಳದಾಕಿ ಗತೆ ಕುಂದರತಿದ್ದೆ.

ಚಳಿ ಸುರು ಆಗಿತ್ತು. ಒಂದಿನ ಮಧ್ಯಾಹ್ನ, ಮಗ ಡ್ಯೂಟಿಗೆ ಹೋದಾಗ, ಮೂರೂ ಮಂದಿ ಬಂದರು. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ, ತಿಂದರು. ಕೈ ತೊಳಕೊಂಡ ಮ್ಯಾಲೆ ಗಿಟಾರಿನಾಂವ ಬಾಯಿ ತಗದ. ಪುಣೇದಾಗ ದೊಡ್ಡ ಸ್ಟೇಜು ಸಿಕ್ಕೈತಿ. ಡ್ರಮ್ಮಿಗೆ ಬ್ಯಾರೆ ಹುಡುಗನ್ನ ನೋಡೀವಿ. ದಾದಾ ದಣದು ಬರತಾನ, ಎರಡನೇ ಹಾಡಿಗೆ ಹಿಂದ ಬೀಳತಾನ.

"ಆಜಿ, ನೀವ ಹೇಳ್ರಿ ಅವಂಗ. ನಿಮ್ಮ ಬಾಯಿಲೆ ಕೇಳಿದರ ಮನಸಿಗೆ ಅಷ್ಟು ಹತ್ತಂಗಿಲ್ಲ."

"ರೊಟ್ಟಿ ನಿಮ್ಮ ಬಾಯಿಲೆ ತಿಂದ್ರಿ. ಇದಕ್ಕ ನನ್ನ ಬಾಯಿ ಬೇಕಾತೇನು?" ಅಂದೆ. "ಕುಂದರ್ರಿ. ಅಂವ ಬರೂತನಾ ಯಾರೂ ಏಳಬ್ಯಾಡ್ರಿ."

ಕುಂತರು. ನಾ ಮೆಂತೆ ಸೋಸಕೋತ ಬಾಗಿಲದಾಗ ಕುಂತೆ.

ಸಂಜೀಕ ಮಗ ಬಂದ. ಬಾಗಿಲದಾಗ ಅವರ ಚಪ್ಪಲಿ ನೋಡಿ ಅವನ ಮಾರಿ ಅರಳಿತು, ಪ್ರಾಕ್ಟೀಸ್ ಐತಿ ಅಂತ ತಿಳದ. ತಿರುಗಿ ಹೋಗಿ ಚೌಕಿನಿಂದ ಕಚೋರಿ ತಂದ. ಪೊಟ್ಟಣ ಬಿಚ್ಚೋ ಮುಂದ ಗಿಟಾರಿನಾಂವ ನೆಲ ನೋಡಕೋತ ಹೇಳಿದ. ಮಗ ಪೊಟ್ಟಣ ಪೂರಾ ಬಿಚ್ಚಿದ, ಅವರ ಮುಂದ ಇಟ್ಟ.

"ಗೊತ್ತೈತಿ," ಅಂದ. "ಎರಡನೇ ಹಾಡಿಗೆ ಕೈ ಭಾರ ಆಗತಾವು."

ಅವರ ಸ್ಪೀಕರ್ ಡಬ್ಬಿ ತಾನ ಹೊತ್ತು ಆಟೋದಾಗ ಇಟ್ಟು ಬಂದ. ಹುಡುಗಿ ಅಳಾಕತ್ತಿದಳು. ಅಳೂದಿದ್ದರ ಹೊರಗ ಹೋಗಿ ಅಳು ಅಂದೆ. ಪುಣೇಕ್ಕ ಹೋಗಿ ಅಲ್ಲೇ ಜಗಳಾಡಿ ಅವರೂ ಬ್ಯಾರೆ ಬ್ಯಾರೆ ಆದರಂತ, ಆಮ್ಯಾಲೆ ಕೇಳಿದೆ. ಕೇಳಿ ಖುಷಿ ಆಗಲಿಲ್ಲ, ದುಃಖನೂ ಆಗಲಿಲ್ಲ.

ಆಟೋ ಹೋದ ಮ್ಯಾಲೆ ಮಗ ಖೋಲಿ ಒಳಗ ಹೋಗಿ ಬಾಗಿಲ ಹಾಕಿಕೊಂಡ. ನಾ ಹೊರಗ ನಿಂತೆ. ಬಾರಸ್ತಾನೇನೋ ಅಂತ ನೋಡಿದೆ, ಇಲ್ಲ. ಬಾಗಿಲಕ್ಕ ಕಿವಿ ಹಚ್ಚಿದೆ. ಅಳಾಕತ್ತಾನೋ, ಸುಮ್ಮನ ಕುಂತಾನೋ, ಏನರೆ ಮಾಡಿಕೊಂಡಾನೋ, ಒಂದೂ ತಿಳೀಲಿಲ್ಲ. ಒಳಗಿನ ಸಪ್ಪಳ ಹೊರಗ ಬರಬಾರದಂತ ನಾನ ಹೊಲದಿದ್ದೆನಲ್ಲ. ಹೆಸರ ಹಿಡದು ಕರದೆ. ನನ್ನ ದನಿ ಒಳಗ ಹೋತೋ ಇಲ್ಲೋ, ಅಂವ ಓ ಅನಲಿಲ್ಲ. ಅಲ್ಲೇ ಮೆಟ್ಟಲ ಮ್ಯಾಲೆ ಕುಂತೆ. ಕಡೀಕ ಮಾರಿ ತೊಳಕೊಳ್ಳಾಕ ಹೊರಗ ಬಂದ. ಉಣ್ಣತೀಯೇನೋ ಅಂದೆ. ತಲಿ ಅಲ್ಲಾಡಿಸಿದ.

ಮರುದಿನ ಮುಂಜಾನೆ ಊಟದ ಡಬ್ಬಿ ತಗೊಂಡು ಹಿಂಗಣಾಕ್ಕ ಹೋದ. ಅವನ ಗಾಡಿ ತಿರುವು ದಾಟಿದ ಮ್ಯಾಲೆ ನಾ ಸ್ಟೂಲು, ಸುತ್ತಗಿ ತಗೊಂಡು ಖೋಲಿಗೆ ಹೋದೆ. ಮೊದಲ ಬಾಗಿಲದ ಕೌದಿ ಕಿತ್ತೆ, ಆಮ್ಯಾಲೆ ಕಿಟಕೀದು, ಆಮ್ಯಾಲೆ ಗ್ವಾಡೀವು. ಮಡಚೂ ಮುಂದ ಮೂಲ್ಯಾಗ ಒಣರೊಟ್ಟಿ ಚೂರು ಕೈಗೆ ಹತ್ತತಿದ್ದವು. ತಗಡಿನ ಕೆಳಗಿನವು ನನಗ ನಿಲುಕಲಿಲ್ಲ. ಕಂಪೌಂಡಿಗೆ ಹೋಗಿ ಬಾಜೂ ಮನಿ ಬಾಯಿನ್ನ ಕರದೆ. ಆಕಿ ಬಂದಳು, ಖೋಲಿ ನೋಡಿದಳು. ನಾ ಮ್ಯಾಲೆ ಹತ್ತಿ ಮೊಳಿ ಕೀಳೂತನಾ ಸ್ಟೂಲು ಹಿಡಕೊಂಡು ನಿಂತಳು.