ಮುದ್ದೇಬಿಹಾಳಕ್ಕೆ ಹೋದ ಸೇಜ್ ಗಿಡ

ನನ್ನ ಕೈಗುಣದ ಬಗ್ಗೆ ನಮ್ಮ ಓಣಿಯಲ್ಲಿ ಒಳ್ಳೆಯ ಮಾತು ಕೇಳಿಬರುವುದಿಲ್ಲ. ಲಿಂಬೆಗೇ ಹೆಸರಾದ ಇಂಡಿಯಂಥ ಊರಲ್ಲಿದ್ದುಕೊಂಡು ಲಿಂಬೆ ಗಿಡ ಒಣಗಿಸಿದ ಮಹಾನುಭಾವ ಎಂದೇ ನನ್ನ ಹೆಂಡತಿ ನನ್ನನ್ನು ಬಂದವರಿಗೆ ಪರಿಚಯಿಸುತ್ತಾಳೆ. ಇಂಥ ನಾನು ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸೊಲ್ಲಾಪುರದ ನರ್ಸರಿಯೊಂದರಿಂದ ಸೇಜ್ ಎಂಬ ಗಿಡ ತಂದೆನೆಂದರೆ, ಅದಕ್ಕೆ ತೋಟದ ಹುಚ್ಚು ಕಾರಣವಲ್ಲ. ಕಾರಣ ನಮ್ಮಕ್ಕ.

ಗಿಡವೇನೋ ಚೆಲುವೆ. ಎಲೆಗೆ ವಿಭೂತಿ ಬಳಿದಂಥ ಬೂದುಹಸಿರು, ಅಂಚಿಗೆ ತುಸು ನೇರಳೆ, ಮುಟ್ಟಿದರೆ ಹಸುಗೂಸಿನ ಕಿವಿಯಷ್ಟು ನವಿರು. ‘ಚಂದಕ್ಕೂ ಇಡ್ರಿ, ಅಡಗಿಗೂ ಹಾಕ್ರಿ’ ಎನ್ನುತ್ತ ನರ್ಸರಿಯವನು ಒಂದೆಲೆ ತಿಕ್ಕಿ ನನ್ನ ಮೂಗಿಗೆ ಹಿಡಿದ. ಕರ್ಪೂರ, ಮೆಣಸು, ಒಣಗಿದ ದವನ ಎಲ್ಲ ಒಟ್ಟಿಗೆ ಬಂದವು. ನಾನು ನಿಂತಲ್ಲೇ ಚಿಕ್ಕವನಾದೆ. ನಮ್ಮವ್ವ ತನ್ನ ಸೀರೆಗಳ ಟ್ರಂಕಿನಲ್ಲಿ ದವನದ ಕಡ್ಡಿ, ಕರ್ಪೂರದ ಪುಡಿಕೆ ಇಡುತ್ತಿದ್ದಳು. ನಾಗರ ಪಂಚಮಿಗೆ ಇಳಕಲ್ ಸೀರೆ ತೆಗೆಯಲು ಅವಳು ಟ್ರಂಕಿನ ಮುಚ್ಚಳ ಎತ್ತಿದರೆ ಸಾಕು, ನಾನೂ ಅಕ್ಕನೂ ಅದರೊಳಗೆ ತಲೆ ತೂರಿಸಿ ಬೈಸಿಕೊಳ್ಳುತ್ತಿದ್ದೆವು.

ಅಕ್ಕನನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದೆ. ಅವ್ವ ಇರುವತನಕ ಪ್ರತಿ ಪಂಚಮಿಗೂ ಬಂದಳು. ಅವ್ವ ಹೋದ ಮೇಲೆ ಬರುವುದು ನಿಂತಿತು. ನಾನು ಪ್ರತಿ ವರ್ಷ ಫೋನ್ ಮಾಡುತ್ತಿದ್ದೆ. ಅವಳು ಮೊಣಕಾಲಿನ ಸುದ್ದಿ ಹೇಳಿ, ‘ನೋಡ್ತೇನಿ ತಮ್ಮಾ’ ಅನ್ನುತ್ತಿದ್ದಳು. ನಮ್ಮ ಕಡೆ ‘ನೋಡ್ತೇನಿ’ ಎಂದರೆ ಬರುವುದಿಲ್ಲ ಎಂದೇ ಅರ್ಥ. ಮನೆಯಲ್ಲಿ ಉಂಡಿ ಕಟ್ಟುತ್ತಿದ್ದರು, ತೊಲೆಗೆ ಜೋಕಾಲಿ ಬೀಳುತ್ತಿತ್ತು. ಆದರೂ ಅಕ್ಕನಿಲ್ಲದ ಪಂಚಮಿ ನನಗೆ ಹಬ್ಬ ಅನ್ನಿಸುತ್ತಿರಲಿಲ್ಲ. ಈ ಗಿಡದ ವಾಸನೆಯ ಆಸೆ ಹಚ್ಚಿಯಾದರೂ ಅವಳನ್ನು ಕರೆಸಬೇಕೆಂಬುದು ನನ್ನ ಹಂಚಿಕೆ.

ಗಿಡದ ಫೋಟೋ ಕಳಿಸಿದೆ. ‘ಅವ್ವನ ಟ್ರಂಕಿನ ವಾಸನಿ ಬರ್ತೈತಿ’ ಎಂದು ಕೆಳಗೆ ಬರೆದೆ. ಅಕ್ಕ ತಕ್ಷಣ ಫೋನ್ ಮಾಡಿದಳು.

‘ಫೋನಿನ್ಯಾಗ ವಾಸನಿ ಬರ್ತೈತೇನೋ?’

‘ಅದಕ್ಕ ಬಾ ಅನ್ನಾಕತ್ತೇನಿ.’

‘ನೋಡ್ತೇನಿ.’

ಇನ್ನು ಗಿಡವನ್ನು ಪಂಚಮಿಯವರೆಗೆ ಉಳಿಸಿಕೊಳ್ಳುವುದೊಂದೇ ದಾರಿ. ನಾನು ಓದಿಯೂ ನೋಡಿದೆ. ಇದರ ತವರು ಮೆಡಿಟರೇನಿಯನ್ ಕಡಲಿನ ಸುತ್ತಲಿನ ಕಲ್ಲುಗುಡ್ಡಗಳಂತೆ. ಲ್ಯಾಟಿನ್ ಹೆಸರಿನಲ್ಲೇ ಗುಣಪಡಿಸುವುದೆಂಬ ಅರ್ಥ ಇದೆಯಂತೆ. ಬಿಸಿಲು ಬೇಕು, ನೀರು ಬೇಡ. ನಮ್ಮ ಸೀಮೆಗೆ ಹೇಳಿ ಮಾಡಿಸಿದ ಗಿಡ ಎಂದು ಹಿಗ್ಗಿದೆ. ಹಿಗ್ಗಿನಲ್ಲಿ ಕಲ್ಲಿನ ಮಾತು ಮರೆತು, ಕುಂಡದ ತುಂಬ ನಮ್ಮ ಎರೆಮಣ್ಣು ತುಂಬಿದೆ. ಒಮ್ಮೆ ಕುಡಿದ ನೀರನ್ನು ಎರೆಮಣ್ಣು ಯಾರಿಗೂ ಬಿಟ್ಟುಕೊಡುವುದಿಲ್ಲ. ಸಾಲದ್ದಕ್ಕೆ ನಲ್ಲಿ ಬಂದ ದಿನ ಕೊಡದ ಹಳೆಯ ನೀರು ಚೆಲ್ಲಿ ಹೊಸದು ತುಂಬುವ ನೇಮ ನಮ್ಮ ಮನೆಯಲ್ಲಿದೆ, ಮತ್ತು ಚೆಲ್ಲುವ ನೀರೆಲ್ಲ ಗಿಡದ ಪಾಲು. ಬಂದವರು ಕುಡಿದು ಉಳಿಸಿದ ತಂಬಿಗೆಯ ನೀರೂ ಅದಕ್ಕೇ. ನೀರಿಗೆ ಕಾದು ಕಾದು ಬೆಳೆದ ಜನ ನಾವು. ಯಾವುದರ ಮೇಲಾದರೂ ಪ್ರೀತಿ ಬಂತೆಂದರೆ ನೀರು ಹಾಕಿಬಿಡುತ್ತೇವೆ. ನನ್ನ ಪ್ರೀತಿ ಇನ್ನೂ ಒಂದು ಕೈ ಮೇಲು. ಅಕ್ಕ ನೋಡುವವರೆಗೆ ಒಂದೆಲೆಯನ್ನೂ ಯಾರೂ ಕೀಳಕೂಡದೆಂದು ಅಪ್ಪಣೆ ಮಾಡಿದ್ದೆ. ಚಿವುಟದ ಗಿಡ ಸೊರಗಿ ಉದ್ದವಾಯಿತು, ಬುಡ ಕಪ್ಪಗಾಯಿತು.

ಆಷಾಢ ಮುಗಿಯುತ್ತ ಬಂತು. ಹೆಂಡತಿ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದಳು. ನಾನು ಕುಂಡದ ಮುಂದೆ ಕೂತು, ಅಕ್ಕ ಬರುವತನಕ ಇದು ಉಳಿಯುವುದಿಲ್ಲ ಎಂದು ಗೋಳಾಡಿದೆ.

‘ಅಕ್ಕಾರನ್ನ ಕರಿಯಾಕ ಯಾರ್ ಹೋಗ್ಯಾರ್ರಿ?’ ಅಂದಳು.

‘ಫೋನ್ ಮಾಡೇನಲ್ಲ.’

‘ಫೋನ್ ಮಾಡಿದ್ರ ಆಟೋ ಬರ್ತೈತ್ರಿ. ಮನಿ ಮಗಳು ಬರ್ತಾಳೇನು? ಅತ್ತಿಯವ್ರು ಇದ್ದಾಗ ನಿಮ್ಮನ್ನ ಕಳಸ್ತಿದ್ರಲ್ಲ.’

ಹೌದು, ಅವ್ವ ಕಳಿಸುತ್ತಿದ್ದಳು. ಉಂಡಿಯ ಡಬ್ಬಿ ಚೀಲಕ್ಕೆ ಹಾಕಿ, ‘ಅಕ್ಕನ್ನ ಕರಕೊಂಡ ಬಾ’ ಎಂದು ಬಸ್ ಹತ್ತಿಸುತ್ತಿದ್ದಳು. ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು ಕರೆದರೇ ಹೆಣ್ಣುಮಗಳು ತವರಿಗೆ ಹೊರಡುವುದು. ನಾನು ಅದನ್ನೆಲ್ಲ ಅವ್ವ ಹೇಳಿದ ಕೆಲಸ ಅಂದುಕೊಂಡಿದ್ದೆ. ಹೇಳುವವಳು ಹೋದ ಮೇಲೆ ಕೆಲಸವೂ ಮುಗಿಯಿತು ಅಂದುಕೊಂಡಿದ್ದೆ. ಅಲ್ಲಿ ಅಕ್ಕ ಪ್ರತಿ ವರ್ಷ ಬಾಗಿಲು ನೋಡುತ್ತಿದ್ದಳು, ಇಲ್ಲಿ ನಾನು ಫೋನು ನೋಡುತ್ತಿದ್ದೆ.

ಮರುದಿನವೇ ಹೊರಟೆ. ಕೈಯಲ್ಲಿ ಉಂಡಿಯ ಡಬ್ಬಿ, ತೊಡೆಯ ಮೇಲೆ ಕುಂಡ. ಸಿಂದಗಿಯಲ್ಲಿ ಬಸ್ ಬದಲಿಸಿದಾಗ ಪಕ್ಕದಲ್ಲಿ ಕೂತ ಹಿರಿಯರೊಬ್ಬರು, ‘ಸಕ್ಕರಿ ಬ್ಯಾನಿಗೇನ್ರಿ ಇದು?’ ಎಂದು ಕೇಳಿದರು. ಗುರುತಿಲ್ಲದ ಗಿಡವೆಲ್ಲ ನಮ್ಮಲ್ಲಿ ಸಕ್ಕರೆ ಕಾಯಿಲೆಗೇ. ನಾನು ಹೌದು ಅಲ್ಲ ಅನ್ನುವುದರೊಳಗೆ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಆಮೇಲೆ ದೇವರಹಿಪ್ಪರಗಿ ದಾಟುವವರೆಗೆ ಮಾತಾಡಲಿಲ್ಲ.

ಅಕ್ಕ ಬಾಗಿಲು ತೆಗೆದವಳು ಕುಂಡದ ಕಡೆ ನೋಡಲೇ ಇಲ್ಲ.

‘ಯಾಕೋ ತಮ್ಮಾ, ಹೇಳದ ಕೇಳದ?’

‘ಪಂಚಮಿಗೆ ಕರಿಯಾಕ ಬಂದೀನಕ್ಕಾ.’

‘ಕುಂಡ್ರು, ಚಾ ಇಡ್ತೇನಿ’ ಎಂದು ಒಳಗೆ ಹೋದಳು. ಎಷ್ಟೋ ಹೊತ್ತು ಅಡುಗೆಮನೆಯಿಂದ ಒಂದು ಪಾತ್ರೆಯ ಸಪ್ಪಳವೂ ಬರಲಿಲ್ಲ. ನಾನೂ ಕರವಸ್ತ್ರದಿಂದ ಕಣ್ಣೊರೆಸಿಕೊಂಡೆ.

ಚಹಾ ಕುಡಿದ ಮೇಲೆ ಎಲೆ ತಿಕ್ಕಿ ಮೂಸಿದಳು. ‘ಇದು ಟ್ರಂಕಿನ ವಾಸನಿ ಅಲ್ಲೋ. ನನ್ನ ಮೊಣಕಾಲಿಗೆ ಹಚ್ಚೂ ಎಣ್ಣಿ ವಾಸನಿ.’ ನಾನು ಬಿಟ್ಟುಕೊಡಲಿಲ್ಲ, ಅವಳೂ ಬಿಟ್ಟುಕೊಡಲಿಲ್ಲ, ನ್ಯಾಯ ಹೇಳಲು ಅವ್ವ ಇರಲಿಲ್ಲ. ಅಕ್ಕ ಆ ಎಲೆಯನ್ನು ಮಾತ್ರ ಕೈಯಿಂದ ಕೆಳಗಿಡಲಿಲ್ಲ. ಆಮೇಲೆ ಬುಡ ಕೆದರಿ ನೋಡಿ, ನೀರಲ್ಲಿ ಮುಳುಗಿಸಿ ಕೊಂದಿ ಎಂದು ಬೈದಳು. ಜೀವ ಇದ್ದ ಒಂದು ಕುಡಿ ಮುರಿದು, ಸೀಳುಬಿಟ್ಟ ಬಕೆಟ್ಟಿಗೆ ಗೋಡೆಯ ಪಕ್ಕದ, ನೀರು ನಿಲ್ಲದ ಕಲ್ಲುಮಣ್ಣಿನ ಗರಸು ತುಂಬಿ ಚುಚ್ಚಿಟ್ಟಳು. ನನ್ನ ಜೊತೆ ಇಂಡಿಗೆ ಬಂದು ಪಂಚಮಿ ಮಾಡಿದಳು. ಮೊಣಕಾಲಿನ ಮಾತು ಎತ್ತಲಿಲ್ಲ, ಜೋಕಾಲಿಯನ್ನೂ ಬಿಡಲಿಲ್ಲ.

ಈ ವರ್ಷ ಫೋನ್ ಮಾಡದೆ ನೇರ ಕರೆಯಲು ಹೋದೆ. ಬಕೆಟ್ಟಿನ ತುಂಬ ಸೇಜ್ ಪೊದೆಯಾಗಿ ಕೂತಿತ್ತು. ಅಕ್ಕ ದಿನಾ ಚಿವುಟುತ್ತಾಳಂತೆ, ತುಪ್ಪದಲ್ಲಿ ಕರಿದು ಬಿಸಿ ರೊಟ್ಟಿಯ ಜೊತೆ ತಿನ್ನುತ್ತಾಳಂತೆ. ಕಿತ್ತಷ್ಟೂ ಚಿಗುರುತ್ತದಂತೆ. ನನಗೆ ಹೊಟ್ಟೆಕಿಚ್ಚಾಯಿತು.

‘ಅಕ್ಕಾ, ನನಗೂ ಒಂದು ಟೊಂಗಿ ಮುರದ ಕೊಡು. ಈ ಸಲ ನಾನೂ ಗರಸಿನ್ಯಾಗ ಹಚ್ಚತೇನಿ.’

ಅಕ್ಕ ಚಪ್ಪಲಿ ಮೆಟ್ಟುತ್ತಿದ್ದಳು. ‘ಕೊಡಂಗಿಲ್ಲ’ ಅಂದಳು. ‘ನಿಮ್ಮ ಮನ್ಯಾಗೂ ಒಂದು ಬೆಳದ್ರ, ನೀ ಇಲ್ಲಿಗೆ ಯಾಕ ಬರ್ತಿ?’

ನಾನು ಅವಳ ಚೀಲ ಎತ್ತಿಕೊಂಡೆ.